ಜರ್ಮನಿಯ ಹಳೆಯ ರಗ್ಬಿ ಕ್ಲಬ್ಬಿನ ಚರಿತ್ರೆ ಬರೆಯುವ ಬಗೆ

ಜರ್ಮನಿಯಲ್ಲಿ ಕ್ಲಬ್ಬೊಂದಕ್ಕೆ 75, 100, 125 ವರ್ಷ ತುಂಬಿತೆಂದರೆ ಒಂದು ನೆನಪಿನ ಸಂಚಿಕೆ ಬರುವುದು ವಾಡಿಕೆ. ಅದಕ್ಕೆ ಅಲ್ಲಿ ಫೆಸ್ಟ್‌ಶ್ರಿಫ್ಟ್ ಎನ್ನುತ್ತಾರೆ. ಸಾಮಾನ್ಯವಾಗಿ ಈ ಕೆಲಸ ಕಡತ ತಿರುವುವ ತಾಳ್ಮೆಯಿರುವ ಸದಸ್ಯರೊಬ್ಬರ ಹೆಗಲಿಗೆ ಬೀಳುತ್ತದೆ. ಓದಲೆಂದೋ ಕೆಲಸಕ್ಕೆಂದೋ ಹೈಡೆಲ್‌ಬರ್ಗ್, ಫ್ರಾಂಕ್‌ಫರ್ಟ್, ಹ್ಯಾನೋವರ್ ಕಡೆಗೆ ಹೋಗಿ ಊರ ಕ್ಲಬ್ ಸೇರಿಕೊಂಡ ಕನ್ನಡಿಗರೂ ಇದನ್ನು ಕೈಗೆತ್ತಿಕೊಳ್ಳಬಹುದು. ಜರ್ಮನ್ ಓದಲು ಬಂದರೆ ಸಾಕು, ಉಳಿದದ್ದು ಕ್ರಮ ಮತ್ತು ಅನುಮಾನ. ಜುಬಿಲಿಗೆ ಕನಿಷ್ಠ 18 ತಿಂಗಳು ಮುಂಚೆ ಕೂರಬೇಕು. 6 ತಿಂಗಳಲ್ಲಿ ಮುಗಿಸಲು ಹೊರಟವರು ಹಳೆಯ ಸಂಚಿಕೆಯನ್ನೇ ತಿದ್ದಿ ಬರೆದು ಕೈತೊಳೆದುಕೊಳ್ಳುತ್ತಾರೆ.

ದೊಡ್ಡ ತಪ್ಪು ಅಲ್ಲೇ ಆಗುವುದು. 50ನೇ ವರ್ಷದ ಸಂಚಿಕೆಯಲ್ಲಿ ನುಸುಳಿದ ಒಂದು ತಪ್ಪು ಇಸವಿ 75ನೆಯದಕ್ಕೂ 100ನೆಯದಕ್ಕೂ ಹಾಗೇ ಇಳಿದು ಬಂದಿರುತ್ತದೆ. ಮೂರು ಪುಸ್ತಕಗಳಲ್ಲಿ ಇದೆಯಲ್ಲ ಎಂದು ನಂಬಬೇಡಿ. ಒಂದನ್ನು ನೋಡಿ ಇನ್ನೊಂದು ಬರೆದದ್ದಾದರೆ ಅದು ಒಂದೇ ಸಾಕ್ಷಿ.

ಆದ್ದರಿಂದ ಮೊದಲ ದಿನವೇ ಒಂದು ಪಟ್ಟಿ ತೆರೆಯಿರಿ. ಸ್ಪ್ರೆಡ್‌ಶೀಟ್ ಆಗಬಹುದು, ಉದ್ದದ ನೋಟ್‌ಬುಕ್ ಆದರೂ ಸರಿ. ಒಂದು ಸಾಲಿಗೆ ಒಂದೇ ಸಂಗತಿ. ಏನು ನಡೆಯಿತು, ಯಾವ ದಿನ, ಎಲ್ಲಿ ಸಿಕ್ಕಿತು, ಆ ಕಾಗದ ಹುಟ್ಟಿದ್ದು ಯಾವಾಗ, ಪುಟ ಯಾವುದು ಎಂಬುದಕ್ಕೆಲ್ಲ ಬೇರೆ ಬೇರೆ ಅಂಕಣ ಇರಲಿ. ಕೊನೆಯ ಅಂಕಣದಲ್ಲಿ ಒಂದು ಗುರುತು ಹಾಕಿ: ಘಟನೆ ನಡೆದಾಗಲೇ ಬರೆದಿಟ್ಟದ್ದೋ, ಆಮೇಲೆ ನೆನಪಿನಿಂದ ಬರೆದದ್ದೋ. ‘ಕಾಗದ ಹುಟ್ಟಿದ್ದು ಯಾವಾಗ’ ಎಂಬ ಅಂಕಣವನ್ನೇ ಹೆಚ್ಚಿನವರು ಬಿಡುತ್ತಾರೆ. ಆಮೇಲೆ ಎರಡು ಮೂಲಗಳು ಜಗಳವಾಡಿದಾಗ ಯಾವುದನ್ನು ನಂಬಬೇಕೆಂದು ತೀರ್ಮಾನಿಸಲು ಬೇಕಾಗುವುದು ಅದೇ.

ಹೆಸರು ಹೇಳುವುದೊಂದು, ಆಡುವುದೊಂದು

ಕ್ಲಬ್ಬಿನ ಹೆಸರನ್ನೇ ಮೊದಲು ಬಿಡಿಸಿ ನೋಡಿ. ಹೈಡೆಲ್‌ಬರ್ಗಿನ ಪ್ರಸಿದ್ಧ ರಗ್ಬಿ ತಂಡದ ಪೂರ್ಣ ಹೆಸರಲ್ಲಿ ರಗ್ಬಿಯೇ ಇಲ್ಲ. ಹೈಡೆಲ್‌ಬರ್ಗರ್ ರೂಡರ್‌ಕ್ಲುಬ್ ಎಂದರೆ ದೋಣಿ ಹುಟ್ಟು ಹಾಕುವವರ ಸಂಘ. ಆ ಹೆಸರಿನ ಜೊತೆ ಬರುವ 1872 ಎಂಬುದು ನೆಕ್ಕರ್ ನದಿಯಲ್ಲಿ ದೋಣಿ ಇಳಿಸಿದವರ ಇಸವಿ, ರಗ್ಬಿ ವಿಭಾಗ ಬಂದದ್ದು ಅನಂತರ. ಅದೇ ಊರಿನ ಇನ್ನೊಂದು ರಗ್ಬಿ ತಂಡ ರೂಡರ್‌ಗೆಸೆಲ್‌ಶಾಫ್ಟ್, ಅದೂ ದೋಣಿಯವರದೇ. ಹೀಗಾಗಿ ‘1872ರಿಂದ ರಗ್ಬಿ ಆಡುತ್ತಿರುವ ಕ್ಲಬ್’ ಎಂದು ಬರೆದರೆ ಹೆಸರಿನಲ್ಲಿರುವ ಇಸವಿ ನಿಮ್ಮನ್ನು ದಾರಿ ತಪ್ಪಿಸಿತೆಂದೇ ಅರ್ಥ.

ಹ್ಯಾನೋವರ್‌ನಲ್ಲಿ ತೊಡಕು ಇನ್ನೊಂದು ಬಗೆಯದು. ಫರ್ಡಿನಾಂಡ್ ವಿಲ್ಹೆಲ್ಮ್ ಫ್ರಿಕೆ 1878ರಲ್ಲಿ ಕಟ್ಟಿದ ಸಂಘ ಡಾಯ್ಚರ್ ಫೂಸ್‌ಬಾಲ್-ಫೆರೈನ್, ಅಂದರೆ ಜರ್ಮನ್ ಫುಟ್‌ಬಾಲ್ ಸಂಘ. ಅವರು ಆಡಿದ್ದು ರಗ್ಬಿ. ಇವತ್ತು ಅದರ ಹೆಸರು ಡಾಯ್ಚರ್ ಷ್ಪೋರ್ಟ್‌ಫೆರೈನ್ 1878. ಫ್ರಾಂಕ್‌ಫರ್ಟಿನ 1880ರ ಕ್ಲಬ್ಬೂ ಹುಟ್ಟಿದ್ದು ಫುಟ್‌ಬಾಲ್ ಕ್ಲಬ್ ಎಂಬ ಹೆಸರಿನಲ್ಲೇ. ಇದರ ಉಲ್ಟಾ ಕೂಡ ಇದೆ. ಇಂದು ಫುಟ್‌ಬಾಲಿಗೆ ಹೆಸರಾದ ಹ್ಯಾನೋವರ್ 96 ಕ್ಲಬ್ 1896ರಲ್ಲಿ ಶುರುವಾದದ್ದು ಅಥ್ಲೆಟಿಕ್ಸ್ ಮತ್ತು ರಗ್ಬಿಯಿಂದ. ಈಗಿನ ವಿಎಫ್‌ಬಿ ಸ್ಟುಟ್‌ಗಾರ್ಟ್ ಕ್ಲಬ್ಬಿನ ಒಂದು ಬೇರು 1893ರ ಸ್ಟುಟ್‌ಗಾರ್ಟರ್ ಎಫ್‌ವಿ. ಅದು ರಗ್ಬಿ ಸಂಘವಾಗಿಯೇ ಹುಟ್ಟಿತು, ಫುಟ್‌ಬಾಲ್ ವಿಭಾಗ ತೆರೆದದ್ದು 1908ರಲ್ಲಿ.

ಹಾಗಾದರೆ ಹಳೆಯ ಕಾಗದದಲ್ಲಿ ‘ಫೂಸ್‌ಬಾಲ್’ ಎಂದಿದ್ದರೆ ಯಾವ ಆಟ? 1900ಕ್ಕಿಂತ ಮುಂಚಿನ ಯಾವ ಸುದ್ದಿಯಲ್ಲೂ ಆ ಪದವೊಂದನ್ನೇ ನಂಬಿ ತೀರ್ಮಾನಿಸಬೇಡಿ. ಬ್ರಾನ್‌ಶ್ವೈಗಿನ ಶಾಲಾ ಮೇಷ್ಟ್ರು ಕೊನ್ರಾಡ್ ಕೋಖ್ 1874ರಲ್ಲಿ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಟ್ಟರು. ಮರುವರ್ಷ ಅವರು ಅಚ್ಚು ಹಾಕಿಸಿದ ನಿಯಮಗಳು ರಗ್ಬಿಗೇ ಹತ್ತಿರ. ಆ ಕಾಲದ ಬರಹಗಾರರಿಗೇ ಗೊಂದಲವಾಗಿ ‘ಮಿಟ್ ಔಫ್‌ನೇಮೆನ್’, ‘ಓನೆ ಔಫ್‌ನೇಮೆನ್’ ಎಂದು ಬೇರ್ಪಡಿಸಿ ಬರೆಯುತ್ತಿದ್ದರು. ಚೆಂಡನ್ನು ಕೈಯಲ್ಲಿ ಎತ್ತಿಕೊಳ್ಳುವ ಆಟ, ಎತ್ತಿಕೊಳ್ಳದ ಆಟ ಎಂದರ್ಥ. ಮೊದಲನೆಯದು ರಗ್ಬಿ.

ಆ ಮಾತು ಸಿಗದಿದ್ದರೆ ವರದಿಯೊಳಗೆ ಇಳಿದು ಹುಡುಕಿ. ‘ಗೆಡ್ರೆಂಗೆ’ ಎಂದರೆ ಸ್ಕ್ರಮ್ (ಎರಡೂ ತಂಡದವರು ಗುಂಪುಗೂಡಿ ತಳ್ಳಾಡುವುದು), ‘ಗಾಸ್ಸೆ’ ಎಂದರೆ ಲೈನ್‌ಔಟ್ (ಬದಿಗೆರೆ ದಾಟಿದ ಚೆಂಡನ್ನು ಎರಡು ಸಾಲಿನ ನಡುವೆ ಎಸೆಯುವುದು), ‘ಫೆರ್‌ಜೂಖ್’ ಎಂದರೆ ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತುವುದು), ‘ಎರ್‌ಹೋಯುಂಗ್’ ಎಂದರೆ ಟ್ರೈ ಆದಮೇಲೆ ಗೋಲಿಗೆ ಒದೆಯುವ ಕನ್ವರ್ಶನ್, ‘ಷ್ಪ್ರುಂಗ್‌ಟ್ರಿಟ್’ ಎಂದರೆ ಡ್ರಾಪ್ ಕಿಕ್ (ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದಾಗ ಒದೆಯುವುದು). ಗೋಲಿನ ಜಾಗಕ್ಕೆ ‘ಮಾಲ್’ ಎನ್ನುತ್ತಾರೆ. ಇವುಗಳಲ್ಲಿ ಎರಡು ಪದ ಒಟ್ಟಿಗೆ ಸಿಕ್ಕರೆ ಅನುಮಾನ ಬೇಡ. ಒಂದು ತಂಡಕ್ಕೆ 15 ಹೆಸರಿದ್ದರೂ ಒಳ್ಳೆಯ ಸುಳಿವೇ. ಆದರೆ ಬಹಳ ಹಳೆಯ ಶಾಲಾ ಪಂದ್ಯಗಳಲ್ಲಿ ಇದ್ದಷ್ಟು ಹುಡುಗರು ಆಡುತ್ತಿದ್ದರು, ಅದರ ಮೇಲೊಂದೇ ನಿಲ್ಲಬೇಡಿ.

ಹುಟ್ಟಿದ ವರ್ಷಕ್ಕೆ ಸಾಕ್ಷಿ

ಕ್ಲಬ್ ಹುಟ್ಟಿದ ವರ್ಷ, ಅದು ನೋಂದಣಿಯಾದ ವರ್ಷ, ಅದರಲ್ಲಿ ರಗ್ಬಿ ಶುರುವಾದ ವರ್ಷ ಇವು ಮೂರೂ ಬೇರೆ ಬೇರೆ ಇರಬಹುದು. ಪಟ್ಟಿಯಲ್ಲಿ ಮೂರಕ್ಕೂ ಬೇರೆ ಸಾಲು ಕೊಡಿ.

ನೋಂದಣಿಗೆ ಹೋಗಬೇಕಾದ್ದು ಆಮ್ಟ್ಸ್‌ಗೆರಿಖ್ಟ್ ಎಂಬ ಸ್ಥಳೀಯ ನ್ಯಾಯಾಲಯಕ್ಕೆ. ಸಂಘಗಳ ರಿಜಿಸ್ಟರ್ ಇರುವುದು ಅಲ್ಲೇ. ಜರ್ಮನ್ ನಾಗರಿಕ ಸಂಹಿತೆ ಜಾರಿಗೆ ಬಂದದ್ದು 1900ರ ಜನವರಿ 1ರಂದು, ಇಂದಿನ ರೀತಿಯ ಸಂಘ ನೋಂದಣಿ ಅಲ್ಲಿಂದಾಚೆಗಿನದು. ಹೆಸರಿನ ಕೊನೆಯ ‘ಎ.ಫಾವ್.’ ಎಂಬ ಎರಡಕ್ಷರ ನೋಂದಾಯಿತ ಸಂಘ ಎಂಬುದರ ಗುರುತು. 1878ರ ಕ್ಲಬ್ಬಿಗೆ ಆ ಅಕ್ಷರಗಳನ್ನು ಅಂಟಿಸಿ ‘1878ರಲ್ಲಿ ನೋಂದಣಿಯಾಯಿತು’ ಎಂದು ಬರೆದದ್ದು ಕಂಡರೆ ಅಲ್ಲಿ ತಪ್ಪಿದೆ. ರಿಜಿಸ್ಟರನ್ನು ಯಾರು ಬೇಕಾದರೂ ನೋಡಬಹುದು, ಕಾರಣ ಹೇಳಬೇಕಿಲ್ಲ. ಈಗಿನ ನಮೂದುಗಳು 2022ರ ಆಗಸ್ಟ್‌ನಿಂದ ರಾಜ್ಯಗಳ ಜಂಟಿ ರಿಜಿಸ್ಟರ್ ಪೋರ್ಟಲ್‌ನಲ್ಲಿ ಶುಲ್ಕವಿಲ್ಲದೆ ಸಿಗುತ್ತವೆ. ನಿಮಗೆ ಬೇಕಾದ್ದು ಅದಕ್ಕಿಂತ ಹೆಚ್ಚಾಗಿ ಹಳೆಯ ರಿಜಿಸ್ಟರ್ ಕಡತ. ಅರ್ಜಿಯ ಜೊತೆ ಕೊಟ್ಟ ಮೊದಲ ನಿಯಮಾವಳಿ, ಸಹಿ ಹಾಕಿದ ಸದಸ್ಯರ ಹೆಸರು ಅದರಲ್ಲಿರುತ್ತವೆ. ನೋಂದಣಿಗೆ ಕನಿಷ್ಠ 7 ಸದಸ್ಯರು ಬೇಕು, ಹಾಗಾಗಿ ನೋಂದಣಿಯ ಹೊತ್ತಿಗೆ ಇದ್ದ ಸದಸ್ಯರ ಸಾಚಾ ಹೆಸರು ಸಿಗುವ ಜಾಗ ಅದು. ನ್ಯಾಯಾಲಯದಲ್ಲಿ ಇಲ್ಲವೆಂದರೆ ರಾಜ್ಯದ ಅಥವಾ ನಗರದ ಪತ್ರಾಗಾರಕ್ಕೆ ಹೋಗಿರಬಹುದು. ಅಲ್ಲಿ ಕೇಳಿ.

ಕಾಗದ ಉಳಿದಿದೆಯೋ ಇಲ್ಲವೋ ಎಂಬುದು ಊರಿನ ಹಣೆಬರಹದ ಮೇಲೂ ಇದೆ. ಹ್ಯಾನೋವರ್ 1943ರ ಅಕ್ಟೋಬರ್‌ನಲ್ಲಿ, ಫ್ರಾಂಕ್‌ಫರ್ಟ್ 1944ರ ಮಾರ್ಚ್‌ನಲ್ಲಿ ಬಾಂಬಿಗೆ ಸುಟ್ಟವು. ಹೈಡೆಲ್‌ಬರ್ಗ್ ಬಹುಮಟ್ಟಿಗೆ ಉಳಿಯಿತು. ಕ್ಲಬ್ಬಿನ ಕಪಾಟು ಸುಟ್ಟುಹೋಗಿದ್ದರೆ ಎದುರಾಳಿ ಕ್ಲಬ್ಬಿನ ಕಪಾಟು ನೋಡಿ. ಹ್ಯಾನೋವರ್ ತಂಡ ಹೈಡೆಲ್‌ಬರ್ಗಿಗೆ ಬರೆದ ಪತ್ರ ಹೈಡೆಲ್‌ಬರ್ಗಿನಲ್ಲಿ ಇನ್ನೂ ಇರಬಹುದು. ಹ್ಯಾನೋವರ್‌ನಲ್ಲಿ ಲೋಯರ್ ಸ್ಯಾಕ್ಸನಿ ರಾಜ್ಯದ ಕ್ರೀಡಾ ಇತಿಹಾಸ ಸಂಸ್ಥೆಯಿದೆ, ಬಾಡೆನ್-ವ್ಯುರ್ಟೆಂಬರ್ಗಿಗೆ ಅಂಥದ್ದು ಮೌಲ್‌ಬ್ರೊನ್‌ನಲ್ಲಿದೆ, ಫ್ರಾಂಕ್‌ಫರ್ಟಿನ ಹಳೆಯ ಕಡತಗಳು ಕಾರ್ಮೆಲೈಟ್ ಮಠದಲ್ಲಿರುವ ನಗರ ಇತಿಹಾಸ ಸಂಸ್ಥೆಯಲ್ಲಿವೆ. ಹೋಗುವ ಕೆಲವು ವಾರ ಮೊದಲೇ ಬರೆದು ಬೇಕಾದ ಕಡತ ತೆಗೆಸಿಡಿ. ನೇರ ಹೋಗಿ ನಿಂತರೆ ಅರ್ಧ ದಿನ ಕಾಯುವುದರಲ್ಲೇ ಹೋಗುತ್ತದೆ.

ಊರಿನ ಹಳೆಯ ವಿಳಾಸ ಪುಸ್ತಕವನ್ನು ಮರೆಯಬೇಡಿ. ಅದರ ಹಿಂಭಾಗದಲ್ಲಿ ಸಂಘಗಳ ಪಟ್ಟಿ, ಅಧ್ಯಕ್ಷರ ಹೆಸರು, ಸೇರುತ್ತಿದ್ದ ಹೋಟೆಲಿನ ವಿಳಾಸ ಇರುತ್ತವೆ. ಒಂದು ವರ್ಷದ ಪುಸ್ತಕದಲ್ಲಿ ಕ್ಲಬ್ ಇಲ್ಲದೆ ಮುಂದಿನದರಲ್ಲಿ ಇದ್ದರೆ ಹುಟ್ಟಿದ ಕಾಲ ಒಂದೆರಡು ವರ್ಷದ ಒಳಗೆ ಬಂದು ನಿಲ್ಲುತ್ತದೆ.

ಕೈಬರಹ ಓದುವುದು

ಸಭೆಯ ನಡಾವಳಿ ಪುಸ್ತಕ ಸಿಕ್ಕಿತೆಂದು ಖುಷಿಪಟ್ಟು ತೆರೆದರೆ ಒಂದಕ್ಷರವೂ ಅರ್ಥವಾಗುವುದಿಲ್ಲ. 1941ರಲ್ಲಿ ಶಾಲೆಗಳಲ್ಲಿ ನಿಲ್ಲಿಸುವ ತನಕ ಜರ್ಮನರು ಬರೆಯುತ್ತಿದ್ದದ್ದು ಕುರೆಂಟ್ ಎಂಬ ಕೈಬರಹ. 1915ರಿಂದ ಪ್ರಷ್ಯಾದ ಶಾಲೆಗಳಲ್ಲಿ ಅದರ ಸರಳ ರೂಪವಾದ ಜ್ಯೂಟರ್ಲೀನ್ ಕಲಿಸಿದರು. ಮಂಗಳೂರು, ಧಾರವಾಡಗಳಿಂದ ಬಾಸೆಲ್ ಮಿಷನ್ನಿನವರು ಕಳಿಸಿದ 19ನೇ ಶತಮಾನದ ವರದಿಗಳು ಕೂಡ ಇದೇ ಕೈಬರಹದಲ್ಲಿವೆ. ಅವನ್ನು ಓದಿದ ಕನ್ನಡ ಸಂಶೋಧಕರ ಪರಿಚಯವಿದ್ದರೆ ಒಂದು ವಾರ ಅವರ ಬಳಿ ಕೂತು ಕಲಿಯಿರಿ.

ಮೊದಲು ಕಣ್ಣಿಗೆ ಕೂರಬೇಕಾದ್ದು ‘ಇ’ (e) ಅಕ್ಷರ. ಅದು ಎರಡು ಚೂಪು ಗೆರೆಗಳಾಗಿ ‘ಎನ್’ ತರಹವೇ ಕಾಣುತ್ತದೆ. ‘ಯು’ ಕೂಡ ಹಾಗೇ, ಆದರೆ ಅದರ ತಲೆಯ ಮೇಲೆ ಒಂದು ಸಣ್ಣ ಬಾಗು ಇರುತ್ತದೆ. ಆ ಬಾಗನ್ನು ಹಿಡಿದುಕೊಂಡರೆ ಅರ್ಧ ಪದಗಳು ತಾವೇ ಬಿಚ್ಚಿಕೊಳ್ಳುತ್ತವೆ. ‘ಎಮ್’ ಅಥವಾ ‘ಎನ್’ ಮೇಲೆ ಅಡ್ಡಗೆರೆ ಇದ್ದರೆ ಆ ಅಕ್ಷರ ಎರಡು ಸಲ ಇದೆಯೆಂದು ಓದಬೇಕು. ಅಧ್ಯಕ್ಷ, ಖಜಾಂಚಿ, ಚಂದಾ, ಸಭೆ ಎಂಬಂಥ ಪದಗಳು ಪ್ರತಿ ಪುಟದಲ್ಲೂ ಮರಳಿ ಬರುತ್ತವೆ. ಅವನ್ನು ಗುರುತಿಸಿ, ಅದೇ ಕೈಯ ಅಕ್ಷರಮಾಲೆಯನ್ನು ಒಂದು ಹಾಳೆಯ ಮೇಲೆ ನೀವೇ ಕಟ್ಟಿಕೊಳ್ಳಿ. ಕಾರ್ಯದರ್ಶಿ ಬದಲಾದಾಗ ಹೊಸ ಹಾಳೆ. ಟ್ರಾನ್ಸ್‌ಕ್ರಿಬಸ್ ಎಂಬ ತಂತ್ರಾಂಶ ಕೈಬರಹ ಓದಿಕೊಡುತ್ತದೆ, ಸಮಯ ಉಳಿಯುತ್ತದೆ. ಆದರೆ ಅದು ಎಡವುವುದೇ ಆಟಗಾರರ ಹೆಸರಿನಲ್ಲಿ. ಹೆಸರು ಮತ್ತು ಅಂಕಿ ಎರಡನ್ನೂ ಮೂಲದೊಂದಿಗೆ ಕಣ್ಣಾರೆ ಹೋಲಿಸಿ.

ಅಚ್ಚಾದ ಪತ್ರಿಕೆಗಳದ್ದು ಫ್ರಾಕ್ಟೂರ್ ಲಿಪಿ, ಇದು ಒಂದೆರಡು ದಿನಕ್ಕೆ ಒಗ್ಗುತ್ತದೆ. ಉದ್ದನೆಯ ‘ಎಸ್’ ಅನ್ನು ‘ಎಫ್’ ಎಂದೂ ‘ಕೆ’ ಅನ್ನು ‘ಟಿ’ ಎಂದೂ ದೊಡ್ಡ ‘ಬಿ’ಯನ್ನು ‘ವಿ’ ಎಂದೂ ಓದುವ ಸಂಭವ ಹೆಚ್ಚು. ಹುಡುಕು ಯಂತ್ರಕ್ಕೂ ಇದೇ ತೊಂದರೆ. ಜರ್ಮನ್ ಪತ್ರಿಕಾ ಪೋರ್ಟಲ್‌ನಲ್ಲೋ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ ಡಿಜಿಟಲ್ ಮಾಡಿರುವ ಊರ ಪತ್ರಿಕೆಗಳಲ್ಲೋ ಹುಡುಕುವಾಗ ಸರಿಯಾದ ಹೆಸರಿನ ಜೊತೆಗೆ ತಪ್ಪಾಗಿ ಓದಿರಬಹುದಾದ ರೂಪಗಳನ್ನೂ ಕೊಟ್ಟು ನೋಡಿ. ಏನೂ ಸಿಗದಿದ್ದರೆ ಪಂದ್ಯದ ಮಾರನೆಯ ಸೋಮವಾರ, ಮಂಗಳವಾರದ ಸಂಚಿಕೆಗಳನ್ನು ಪುಟಪುಟವಾಗಿ ತಿರುವಿ ಹಾಕಿ.

ಅಂಕಗಳ ಲೆಕ್ಕ

ಹಳೆಯ ಸ್ಕೋರನ್ನು ಇಂದಿನ ಲೆಕ್ಕದಲ್ಲಿ ಓದಿ ಕಥೆ ಕಟ್ಟುವವರು ಬಹಳ. 1909ರಲ್ಲಿ ಜರ್ಮನಿಯ ಮೊದಲ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಹ್ಯಾನೋವರ್‌ನ ಎಫ್‌ಎಸ್‌ವಿ 1897 ತಂಡ ಸ್ಟುಟ್‌ಗಾರ್ಟರ್ ಎಫ್‌ವಿಯನ್ನು 6–3ರಿಂದ ಸೋಲಿಸಿತು. ಇಂದು ಟ್ರೈಗೆ 5 ಅಂಕ, ಎದುರಾಳಿಯ ತಪ್ಪಿಗೆ ಸಿಗುವ ಪೆನಾಲ್ಟಿ ಒದೆತಕ್ಕೆ 3, ಆದ್ದರಿಂದ 6–3 ಎಂದರೆ ಬರೀ ಪೆನಾಲ್ಟಿಗಳ ಆಟ ಎಂದು ಅನಿಸೀತು. ಆಗ ಟ್ರೈಗೆ 3 ಅಂಕವಿತ್ತು. ಅಂತರರಾಷ್ಟ್ರೀಯ ನಿಯಮದಲ್ಲಿ 1890ರ ದಶಕದ ನಡುವಿನಿಂದ 1971ರವರೆಗೆ ಟ್ರೈಗೆ 3, ಅಲ್ಲಿಂದ 4, 1992ರಿಂದ 5. ಡ್ರಾಪ್ ಗೋಲಿಗೆ 1948ರವರೆಗೆ 4 ಅಂಕವಿತ್ತು, ಆಮೇಲೆ 3 ಆಯಿತು. ಪಟ್ಟಿಯಲ್ಲಿ ಅಂಕವನ್ನು ಇದ್ದ ಹಾಗೇ ಬರೆದು, ಹೇಗೆ ಬಂತು ಎಂಬುದನ್ನು ವರದಿಯಲ್ಲಿ ಕಂಡರೆ ಮಾತ್ರ ಸೇರಿಸಿ. 6 ಅಂಕ ಎರಡು ಟ್ರೈ ಇರಬಹುದು, ಒಂದು ಟ್ರೈ ಒಂದು ಪೆನಾಲ್ಟಿಯೂ ಇರಬಹುದು. ಊಹೆ ಬೇಡ.

‘ಚಾಂಪಿಯನ್’ ಎಂಬ ಪದವನ್ನೂ ಹೀಗೇ ಪರೀಕ್ಷಿಸಿ. ಉತ್ತರ ಜರ್ಮನಿಯ ಚಾಂಪಿಯನ್, ದಕ್ಷಿಣದ ಚಾಂಪಿಯನ್, ಇಡೀ ದೇಶದ ಚಾಂಪಿಯನ್ ಎಲ್ಲ ಬೇರೆ ಬೇರೆ. ಬುಂಡೆಸ್‌ಲೀಗಾ ಎಂಬ ರಾಷ್ಟ್ರೀಯ ಲೀಗ್ ಶುರುವಾದದ್ದು 1971ರಲ್ಲಿ. ಅದಕ್ಕೂ ಹಿಂದಿನ ಗೆಲುವನ್ನು ಲೀಗ್ ಗೆಲುವು ಎಂದು ಬರೆಯುವಂತಿಲ್ಲ. ಪೂರ್ವ ಜರ್ಮನಿಯ ಚಾಂಪಿಯನ್‌ಗಳ ಪಟ್ಟಿಯೇ ಬೇರೆ.

ಹೆಸರುಗಳ ಸಮಸ್ಯೆಗೆ 1900ರ ಪ್ಯಾರಿಸ್ ಒಲಿಂಪಿಕ್ಸ್ ಒಳ್ಳೆಯ ಉದಾಹರಣೆ. ಜರ್ಮನಿಯ ಹೆಸರಲ್ಲಿ ಆಡಲು ಹೋದದ್ದು ಫ್ರಾಂಕ್‌ಫರ್ಟ್ 1880 ಕ್ಲಬ್. ಆ ತಂಡದಲ್ಲಿ ಇಬ್ಬರು ಲುಡ್‌ವಿಗ್‌ಗಳಿದ್ದರು, ಎರಿಖ್ ಮತ್ತು ರಿಚರ್ಡ್. ಜರ್ಮನಿಯ ತುಂಬ ಸಿಗುವ ಮ್ಯುಲ್ಲರ್ ಎಂಬ ಹೆಸರಿನವರೂ ಒಬ್ಬರು. ಪತ್ರಿಕೆಗಳು ಮನೆತನದ ಹೆಸರನ್ನಷ್ಟೇ ಹಾಕಿ ಅದರ ಮುಂದೆ ರೋಮನ್ ಅಂಕಿಯಲ್ಲಿ ಒಂದು, ಎರಡು ಎಂದು ಗುರುತಿಸುವ ರೂಢಿಯಿತ್ತು. ಆ ಅಂಕಿ ಬಿಟ್ಟು ನಕಲು ಮಾಡಿದರೆ ಇಬ್ಬರು ಅಣ್ಣತಮ್ಮಂದಿರು ಒಬ್ಬನೇ ಆಗಿಬಿಡುತ್ತಾರೆ. ಅದೂ ಅಲ್ಲದೆ ಒಂದು ತಂಡದ ‘ಎರಡು’ ಇನ್ನೊಂದು ಊರಿನ ಪತ್ರಿಕೆಯಲ್ಲಿ ‘ಒಂದು’ ಆಗಿರಬಹುದು. ವಿಳಾಸ ಪುಸ್ತಕ, ಶಾಲೆಯ ದಾಖಲಾತಿ, ಸದಸ್ಯರ ರಿಜಿಸ್ಟರ್ ನೋಡಿ ಪೂರ್ಣ ಹೆಸರು ಕಟ್ಟಬೇಕು.

ಅದೇ ಪಂದ್ಯದಲ್ಲಿ ಇನ್ನೊಂದು ಪಾಠವೂ ಇದೆ. ಫ್ರಾನ್ಸ್ 27–17ರಿಂದ ಗೆದ್ದದ್ದು ಅಕ್ಟೋಬರ್ 14ರಂದು. ಜರ್ಮನ್ ರಗ್ಬಿ ಒಕ್ಕೂಟ ಕಾಸೆಲ್‌ನಲ್ಲಿ ಹುಟ್ಟಿದ್ದು ಅದೇ ವರ್ಷ ನವೆಂಬರ್ 4ರಂದು. ಅಂದರೆ ಆ ತಂಡವನ್ನು ಆರಿಸಿ ಕಳಿಸಲು ಆಗ ಒಕ್ಕೂಟವೇ ಇರಲಿಲ್ಲ. ಹಾಗಾಗಿ ಜರ್ಮನಿಯ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯ ಎಂದು ಲೆಕ್ಕವಾಗುವುದು 1927ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಬಳಿ ಫ್ರಾನ್ಸ್ 30–5ರಿಂದ ಗೆದ್ದ ಆಟ. ಮರುತಿಂಗಳು ಫ್ರಾಂಕ್‌ಫರ್ಟಿನಲ್ಲಿ ಜರ್ಮನಿ 17–16ರಿಂದ ಸೇಡು ತೀರಿಸಿಕೊಂಡಿತು. ಒಲಿಂಪಿಕ್ ಬೆಳ್ಳಿಯ ಮಾತೂ ವಿವರಿಸಿ ಬರೆಯಬೇಕಾದ್ದೇ. ಬ್ರಿಟನ್ ತಂಡವೂ ಫ್ರಾನ್ಸ್ ಎದುರು ಸೋತಿತು, ಬ್ರಿಟನ್–ಜರ್ಮನಿ ಪಂದ್ಯ ನಡೆಯಲೇ ಇಲ್ಲ, ಸೋತ ಎರಡೂ ತಂಡಗಳಿಗೆ ಬೆಳ್ಳಿ ಎಂದು ಈಗ ದಾಖಲೆ. ಇಷ್ಟು ಹೇಳಿದರೆ ಕ್ಲಬ್ಬಿನ ಹೆಮ್ಮೆಗೇನೂ ಕುಂದಿಲ್ಲ, ಓದುಗನಿಗೆ ನಿಜ ಸಿಗುತ್ತದೆ.

1933ರಿಂದ 1945

ಹಳೆಯ ಸಂಚಿಕೆಗಳನ್ನು ಮಗುಚಿ ನೋಡಿ. 1932ರವರೆಗೆ ವಿವರ ತುಂಬಿ ಹರಿದು, ಆಮೇಲೆ ‘ಕಷ್ಟದ ಕಾಲ ಬಂತು’ ಎಂಬ ಒಂದು ವಾಕ್ಯ, ಮುಂದಿನ ಪುಟದಲ್ಲಿ ಒಮ್ಮೆಗೇ 1946. ನಾಜಿಗಳು ಆಳಿದ ಈ ಹದಿಮೂರು ವರ್ಷಕ್ಕೆ ಒಂದು ಅಧ್ಯಾಯವನ್ನೇ ಕೊಡಿ. ಕ್ಲಬ್ಬಿನಿಂದ ಯಾರನ್ನು ಹೊರಹಾಕಿದರು ಎಂಬುದು ಆ ಕ್ಲಬ್ಬಿನ ಚರಿತ್ರೆಯ ಒಳಗಿನ ಸಂಗತಿ.

ಕೆಲಸ ಹೀಗೆ ಮಾಡಿ. 1932ರ ಸದಸ್ಯರ ಪಟ್ಟಿಯನ್ನೂ 1934–35ರ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಕಾಣೆಯಾದ ಹೆಸರುಗಳನ್ನು ಬರೆದುಕೊಳ್ಳಿ. ಪ್ರತಿ ಹೆಸರನ್ನೂ ಜರ್ಮನ್ ಫೆಡರಲ್ ಪತ್ರಾಗಾರದ ಆನ್‌ಲೈನ್ ಯೆಹೂದಿ ಬಲಿಪಶುಗಳ ಸ್ಮರಣ ಪುಸ್ತಕದಲ್ಲಿ, ನಾಜಿ ಕಿರುಕುಳಕ್ಕೆ ಒಳಗಾದವರ ದಾಖಲೆಗಳಿರುವ ಆರೋಲ್ಸನ್ ಪತ್ರಾಗಾರದಲ್ಲಿ, ಆ ಊರಿನ ಷ್ಟೋಲ್ಪರ್‌ಷ್ಟೈನ್ ಪಟ್ಟಿಯಲ್ಲಿ ಹುಡುಕಿ. ನಾಜಿಗಳಿಗೆ ಬಲಿಯಾದವರ ಮನೆ ಮುಂದೆ ನೆಲದಲ್ಲಿ ಹೂತಿಟ್ಟ ಹಿತ್ತಾಳೆ ಫಲಕದ ಕಲ್ಲುಗಳಿಗೆ ಆ ಹೆಸರು. ಕಾಣೆಯಾದವರೆಲ್ಲ ಯೆಹೂದಿಗಳೇ ಎಂದುಕೊಳ್ಳಬೇಡಿ. ಊರು ಬಿಟ್ಟವರು, ಚಂದಾ ಕಟ್ಟಲಾಗದವರೂ ಇರುತ್ತಾರೆ. ಎದುರು ದಿಕ್ಕಿನಲ್ಲೂ ನೋಡಿ: 1933ರಲ್ಲಿ ಕಾರ್ಮಿಕರ ಕ್ರೀಡಾ ಸಂಘಗಳನ್ನು ನಿಷೇಧಿಸಿದ ಮೇಲೆ ಅಲ್ಲಿಯ ಆಟಗಾರರು ನಿಮ್ಮ ಕ್ಲಬ್ಬಿಗೆ ಬಂದಿರಬಹುದು.

1933ರ ಏಪ್ರಿಲ್, ಮೇ ತಿಂಗಳ ನಡಾವಳಿಯನ್ನು ಅಕ್ಷರ ಬಿಡದೆ ಓದಿ. ದಕ್ಷಿಣ ಜರ್ಮನಿಯ ದೊಡ್ಡ ಫುಟ್‌ಬಾಲ್ ಕ್ಲಬ್‌ಗಳು ಆ ಏಪ್ರಿಲ್ 9ರಂದೇ ಯೆಹೂದಿಗಳನ್ನು ಹೊರಗಿಡಲು ಸಹಕರಿಸುವೆವೆಂದು ಹೇಳಿಕೆಗೆ ಸಹಿ ಹಾಕಿದ್ದವು. ನಿಮ್ಮ ಕ್ಲಬ್ ಆಜ್ಞೆಗೆ ಕಾಯಿತೋ, ಮುಂಚೆಯೇ ಮುಂದಾಯಿತೋ ಎಂಬುದು ದಿನಾಂಕದಿಂದ ಗೊತ್ತಾಗುತ್ತದೆ. ಅಧ್ಯಕ್ಷ ಎನ್ನುವಲ್ಲಿ ‘ಫೆರೈನ್ಸ್‌ಫ್ಯೂರರ್’ (ಸಂಘದ ನಾಯಕ) ಎಂಬ ಪದ ಯಾವತ್ತು ಬಂತು, ಕ್ರೀಡಾ ಸಂಘಗಳಿಗೆಲ್ಲ ಹೇರಿದ 1935ರ ಏಕರೂಪ ನಿಯಮಾವಳಿಯನ್ನು ಯಾವತ್ತು ಒಪ್ಪಿದರು, ಇವೂ ಪಟ್ಟಿಗೆ ಬರಲಿ. ಆಟ ಮಾತ್ರ ನಿಂತಿರಲಿಲ್ಲ. 1934ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಹವ್ಯಾಸಿ ರಗ್ಬಿ ಒಕ್ಕೂಟದ ಸ್ಥಾಪಕ ದೇಶಗಳಲ್ಲಿ ಜರ್ಮನಿಯೂ ಒಂದು, 1938ರಲ್ಲಿ ಜರ್ಮನಿ ಫ್ರಾನ್ಸನ್ನು 3–0ರಿಂದ ಸೋಲಿಸಿತು. ಮೈದಾನದ ಗೆಲುವು, ಸದಸ್ಯರ ಪಟ್ಟಿಯಿಂದ ಅಳಿಸಿದ ಹೆಸರು, ಎರಡೂ ಒಂದೇ ಅಧ್ಯಾಯದಲ್ಲಿ ಬರಬೇಕು.

ಪದಾಧಿಕಾರಿಗಳ ನಾಜಿ ಪಕ್ಷ ಸದಸ್ಯತ್ವದ ಕಾರ್ಡುಗಳು ಬರ್ಲಿನ್‌ನ ಫೆಡರಲ್ ಪತ್ರಾಗಾರದಲ್ಲಿವೆ, ನಾಜಿ ನಂಟಿನ ಬಗ್ಗೆ ಯುದ್ಧಾನಂತರ ನಡೆದ ವಿಚಾರಣೆಯ ಕಡತಗಳು ರಾಜ್ಯ ಪತ್ರಾಗಾರಗಳಲ್ಲಿವೆ. ಫೆಡರಲ್ ನಿಯಮದ ಪ್ರಕಾರ ವ್ಯಕ್ತಿಯ ಕಡತ ತೆರೆಯುವುದು ಅವರು ತೀರಿಕೊಂಡ 10 ವರ್ಷಕ್ಕೆ, ಸಾವಿನ ವರ್ಷ ತಿಳಿಯದಿದ್ದರೆ ಹುಟ್ಟಿದ 100 ವರ್ಷಕ್ಕೆ. ಅರ್ಜಿಯಲ್ಲಿ ಹುಟ್ಟಿದ ದಿನಾಂಕ ಕೊಡದಿದ್ದರೆ ಉತ್ತರ ತಡವಾಗುತ್ತದೆ.

ಯುದ್ಧದ ನಂತರ

ಸೋತ ಜರ್ಮನಿಯನ್ನು ವಲಯಗಳಾಗಿ ಹಂಚಿಕೊಂಡು ಆಳುತ್ತಿದ್ದ ಮಿತ್ರರಾಷ್ಟ್ರಗಳ ನಿಯಂತ್ರಣ ಮಂಡಳಿ 1945ರ ಡಿಸೆಂಬರ್ 17ರ ನಿರ್ದೇಶನದಲ್ಲಿ ಹಳೆಯ ಕ್ರೀಡಾ ಸಂಘಟನೆಗಳನ್ನು ವಿಸರ್ಜಿಸಲು ಹೇಳಿ, ಅನುಮತಿ ಪಡೆದ ಸ್ಥಳೀಯ ಸಂಘಗಳಿಗಷ್ಟೇ ಅವಕಾಶ ಕೊಟ್ಟಿತು. ಅದಕ್ಕೇ ಅನೇಕ ಕ್ಲಬ್‌ಗಳಿಗೆ ಎರಡನೇ ಹುಟ್ಟುದಿನ ಇರುವುದು. ಹ್ಯಾನೋವರ್ ಬ್ರಿಟಿಷ್ ವಲಯದಲ್ಲಿತ್ತು, ಹೈಡೆಲ್‌ಬರ್ಗ್ ಮತ್ತು ಫ್ರಾಂಕ್‌ಫರ್ಟ್ ಅಮೆರಿಕನ್ ವಲಯದಲ್ಲಿದ್ದವು. ಅನುಮತಿ ಪತ್ರವನ್ನು ಆಯಾ ವಲಯದ ಕಡತಗಳಲ್ಲೇ ಹುಡುಕಬೇಕು. ರಾಷ್ಟ್ರೀಯ ಒಕ್ಕೂಟ ಮತ್ತೆ ಎದ್ದದ್ದು 1950ರಲ್ಲಿ.

ಪೂರ್ವ ಜರ್ಮನಿಯಲ್ಲಿ ಕ್ಲಬ್ ಎಂದರೆ ಕಾರ್ಖಾನೆಯ ಕ್ರೀಡಾ ಬಳಗವಾಗಿತ್ತು. ಬರ್ಲಿನ್ ಪಕ್ಕದ ಹೆನಿಗ್ಸ್‌ಡೋರ್ಫ್‌ನ ‘ಷ್ಟಾಲ್’ ತಂಡದ ಹೆಸರೇ ಉಕ್ಕು. ಕಾರ್ಖಾನೆಯ ಪತ್ರಿಕೆ, ಕಾರ್ಮಿಕ ಸಂಘದ ಕಡತ, ರಾಜ್ಯ ಕ್ರೀಡಾ ಸಂಘಟನೆಯ ದಾಖಲೆ ಅಲ್ಲಿ ಮುಖ್ಯ ಮೂಲಗಳು.

ಫೋಟೋ, ಮಾತು, ಅಚ್ಚು

ಫೋಟೋ ಪೋಸ್ಟ್‌ಕಾರ್ಡ್ ಅಳತೆಯದಾದರೆ 600 ಡಿಪಿಐ, ಅದಕ್ಕಿಂತ ಚಿಕ್ಕದಾದರೆ 1200, ಟಿಫ್ ಎಂಬ ಫೈಲ್ ರೂಪದಲ್ಲಿ ಸ್ಕ್ಯಾನ್ ಮಾಡಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಲೇಬೇಕು. ಸ್ಟುಡಿಯೋ ಮುದ್ರೆ, ಪೆನ್ಸಿಲಿನ ಹೆಸರು ಇರುವುದು ಅಲ್ಲೇ. ಕಾಗದಕ್ಕೆ ಒಣಗಿದ ಶುಭ್ರ ಕೈ ಸಾಕು, ಬಟ್ಟೆಯ ಗ್ಲೌಸ್ ಹಾಕಿದರೆ ಅಂಚು ಹರಿಯುತ್ತದೆ. ಫೋಟೋಗೆ ಮಾತ್ರ ನೈಟ್ರೈಲ್ ಗ್ಲೌಸ್. ತುಕ್ಕು ಹಿಡಿದ ಪಿನ್ ತೆಗೆಯಿರಿ, ಸೆಲೋಟೇಪ್ ಹತ್ತಿರ ಸುಳಿಯಬಾರದು.

ಹಿರಿಯ ಆಟಗಾರರನ್ನು ಮಾತಾಡಿಸುವಾಗ ‘ಆಗ ಹೇಗಿತ್ತು’ ಎಂದು ಕೇಳಿದರೆ ಎಲ್ಲರೂ ಒಂದೇ ಕಥೆ ಹೇಳುತ್ತಾರೆ. ತಂಡದ ಫೋಟೋ ಮುಂದಿಟ್ಟು ಎಡದಿಂದ ಬಲಕ್ಕೆ ಹೆಸರು ಕೇಳಿ, ಚೆಂಡು ಯಾರು ಹೊಲಿಯುತ್ತಿದ್ದರು, ಜೆರ್ಸಿ ಯಾರ ಮನೆಯಲ್ಲಿ ಒಗೆಯುತ್ತಿದ್ದರು ಎಂದು ಕೇಳಿ. ಗಂಟೆಯಿಂದ ಒಂದೂವರೆ ಗಂಟೆ ಮೀರಿದರೆ ಅವರಿಗೆ ದಣಿವಾಗುತ್ತದೆ, ಇನ್ನೊಂದು ದಿನ ಹೋಗಿ. ಧ್ವನಿಮುದ್ರಣಕ್ಕೂ ಅಚ್ಚಿಗೂ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಚಿತ್ರ ಅಚ್ಚು ಹಾಕುವ ಮುಂಚೆ ಎರಡು ಹಕ್ಕು ನೋಡಬೇಕು. ತೆಗೆದವರ ಹಕ್ಕು ಅವರು ತೀರಿದ 70 ವರ್ಷದವರೆಗೆ ಇರಬಹುದು. ಚಿತ್ರದಲ್ಲಿರುವ ವ್ಯಕ್ತಿ ತೀರಿ 10 ವರ್ಷ ಆಗುವವರೆಗೆ ಮನೆಯವರ ಒಪ್ಪಿಗೆ ಬೇಕಾಗಬಹುದು.

ಪುಸ್ತಕ ಸಾರ್ವಜನಿಕರಿಗೆ ಹೊರಬಂದರೆ 2 ಪ್ರತಿ ಜರ್ಮನ್ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಿ, ಒಂದೊಂದು ಪ್ರತಿ ನಗರ ಪತ್ರಾಗಾರಕ್ಕೂ ರಾಜ್ಯದ ಕ್ರೀಡಾ ಇತಿಹಾಸ ಸಂಸ್ಥೆಗೂ ಕೊಡಿ. ಪುಸ್ತಕದ ಜೊತೆಗೆ ಆ ಸಂಗತಿಗಳ ಪಟ್ಟಿಯನ್ನೂ ಸ್ಕ್ಯಾನ್‌ಗಳನ್ನೂ ಪತ್ರಾಗಾರದಲ್ಲಿ ಒಪ್ಪಿಸಿ ರಸೀದಿ ತೆಗೆದುಕೊಳ್ಳಿ. ಅವು ಒಬ್ಬರ ಲ್ಯಾಪ್‌ಟಾಪಿನಲ್ಲೇ ಉಳಿದರೆ, ಇನ್ನು 25 ವರ್ಷಕ್ಕೆ ಬರೆಯುವವರು ಮತ್ತೆ ನಿಮ್ಮ ಸಂಚಿಕೆಯನ್ನೇ ನಕಲು ಮಾಡುತ್ತಾರೆ.